ಮಲೆನಾಡಿನ ಕೆಫೆ, ಹೋಂಸ್ಟೇ, ಶೋರೂಮುಗಳಲ್ಲಿ ಗೋಡೆ–ನೆಲದ ಅಲಂಕಾರ ಕೆಟ್ಟರೆ: ದೋಷ ಪತ್ತೆ ಮತ್ತು ರಿಪೇರಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಕೆಫೆಯ ಟೆಕ್ಸ್ಚರ್ ಗೋಡೆ ಒಂದೇ ಮಳೆಗಾಲಕ್ಕೆ ಚಕ್ಕೆ ಎದ್ದರೆ ಮೊದಲು ಬೈಸಿಕೊಳ್ಳುವವರು ಪೇಂಟರ್, ಆಮೇಲೆ ಬಣ್ಣದ ಕಂಪನಿ. ಕೆರೆಸಿ, ಪುಟ್ಟಿ ಹಾಕಿಸಿ, ಮೊದಲಿಗಿಂತ ದುಬಾರಿ ಬಣ್ಣ ಬಳಿಸುತ್ತಾರೆ. ಮುಂದಿನ ಆಷಾಢಕ್ಕೆ ಅದೇ ಜಾಗದಲ್ಲಿ ಮತ್ತೆ ಚಕ್ಕೆ. ಈ ಸೀಮೆಯಲ್ಲಿ ಮೇಲ್ಪದರ ಕೆಡಲು ಬಹುಪಾಲು ಕಾರಣ ನೀರು. ಅದು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯದೆ ಹೊಸ ಡಬ್ಬಿ ತೆರೆದರೆ ದುಡ್ಡು ದಂಡ. ಆದ್ದರಿಂದ ಇಲ್ಲಿ ಮೊದಲು ಪರೀಕ್ಷೆ, ರಿಪೇರಿ ಆಮೇಲೆ.

ಹಾಸನ ಪೇಟೆ ಮತ್ತು ಅರಸೀಕೆರೆ ಕಡೆ ಮಳೆ ಕಡಿಮೆ. ಅಲ್ಲಿ ನೀರಿಗಿಂತ ಬಿಸಿಲು, ಗಾಳಿ, ಬೇಗ ಒಣಗುವಿಕೆಯೇ ಹೆಚ್ಚು ತೊಂದರೆ ಕೊಡುತ್ತವೆ. ಟೈಲ್ಸ್ ಭಾಗವನ್ನು ಅಲ್ಲಿಯವರು ಗಮನವಿಟ್ಟು ಓದಬೇಕು.

ಕೈಯಲ್ಲಿ ಇರಬೇಕಾದ ಸಾಮಾನು

ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಅಗಲದ ಟೇಪು, ದಪ್ಪ ಪ್ಲಾಸ್ಟಿಕ್ ಹಾಳೆ, ಕೋಣೆಯ ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ತೋರಿಸುವ ಮೀಟರ್, ಮೇಲ್ಮೈಯ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ಆಮ್ಲ–ಕ್ಷಾರ ತೋರಿಸುವ ಪಿಎಚ್ ಕಾಗದ, 2 ಮೀಟರ್ ಮಟ್ಟಗೋಲು, ಟಾರ್ಚು, ಕರಣೆ, ತಟ್ಟಿ ನೋಡಲು ಮರದ ಹಿಡಿ. ಗೋಡೆಗೆ ಚುಚ್ಚುವ ಮಾಯಿಶ್ಚರ್ ಮೀಟರ್ ಇದ್ದರೆ ಒಳ್ಳೆಯದು, ಆದರೆ ಅದು ತೋರಿಸುವ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಈ ಮೀಟರುಗಳ ಅಳತೆ ಸಾಮಾನ್ಯವಾಗಿ ಮರಕ್ಕೆ ಹೊಂದಿಸಿದ್ದು. ಗಿಲಾವಿನಲ್ಲಿ ಉಪ್ಪಿದ್ದರೆ ಒಣ ಗೋಡೆಯಲ್ಲೂ ಜಾಸ್ತಿ ತೋರಿಸುತ್ತದೆ. ಒಂದೇ ಗೋಡೆಯಲ್ಲಿ ಚೆನ್ನಾಗಿರುವ ಜಾಗವನ್ನೂ ಕೆಟ್ಟ ಜಾಗವನ್ನೂ ಹೋಲಿಸಿ ನೋಡುವುದಕ್ಕೆ ಅದು ಸಾಕು.

ನೀರು ಗೋಡೆಯೊಳಗಿನದೋ, ಗಾಳಿಯದೋ?

ಕೆಟ್ಟ ಗೋಡೆಯಲ್ಲಿ ಮೂರು ಎತ್ತರ ಗುರುತು ಮಾಡಿ: ನೆಲದಿಂದ 15 ಸೆಂ.ಮೀ., 1 ಮೀಟರ್, 2 ಮೀಟರ್. ಆ ಜಾಗಗಳನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, 30 ಸೆಂ.ಮೀ. ಚೌಕದ ಫಾಯಿಲ್ ತುಂಡುಗಳನ್ನು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಹಾಕಿ ಅಂಟಿಸಿ. 48 ಗಂಟೆ ಬಿಡಿ. ಆ ಎರಡು ದಿನ ಕೋಣೆಯನ್ನು ಎಂದಿನಂತೆಯೇ ಬಳಸಿ.

ಫಾಯಿಲಿನ ಹೊರಮೈ, ಅಂದರೆ ಕೋಣೆಯ ಕಡೆ, ಬೆವರಿದ್ದರೆ ಅದು ಗಾಳಿಯ ತೇವ. ತಣ್ಣಗಿನ ಗೋಡೆಯ ಮೇಲೆ ಬಂದು ಕೂರುತ್ತಿದೆ. ಬಿಚ್ಚಿದಾಗ ಗೋಡೆಯ ಕಡೆ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೆಳಗಿನ ತುಂಡಿನಲ್ಲಿ ಮಾತ್ರ ಹನಿ ಇದ್ದರೆ ಬುಡದಿಂದ ಏರುವ ತೇವ. ಮೂರರಲ್ಲೂ ಇದ್ದರೆ, ಅಥವಾ ಮೇಲಿನದರಲ್ಲಿ ಮಾತ್ರ ಇದ್ದರೆ, ಹೊರಗಿನ ಮಳೆ, ಸೂರು, ಇಲ್ಲವೇ ಒಳಗಿನ ಪೈಪು. ಎರಡೂ ಮೈ ಒದ್ದೆಯಾಗುವುದೂ ಉಂಟು. ಮುಚ್ಚಿಟ್ಟ ಹೋಂಸ್ಟೇ ಕೋಣೆಗಳಲ್ಲಿ ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಇದು ಸಾಮಾನ್ಯ; ಆಗ ಎರಡು ಕಾಯಿಲೆಗೂ ಬೇರೆಬೇರೆ ಮದ್ದು ಮಾಡಬೇಕು.

ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ‘ಗೋಡೆ ಒಣಗಿದೆ’ ಎಂದು ಸಹಿ ಹಾಕಬೇಡಿ. ಫೆಬ್ರುವರಿಯಲ್ಲಿ ಒಣಗಿರುವ ಪಡುವಣ ಗೋಡೆ ಜುಲೈನಲ್ಲಿ ಬೇರೆಯೇ ಗೋಡೆ. ಆದರೆ ಬೇಸಿಗೆಯಲ್ಲೂ ಹನಿ ಕಂಡರೆ ಅದು ಮಳೆಯದಲ್ಲ. ಬಾತ್‌ರೂಮಿನ ಪೈಪು, ಎಸಿಯ ಡ್ರೈನು, ಮೇಲಿನ ಟ್ಯಾಂಕು ಇವನ್ನು ಹುಡುಕಿ.

ಚಕ್ಕೆಯ ಬೆನ್ನು ನೋಡಿ

ಎದ್ದ ಚಕ್ಕೆಯನ್ನು ಗುಡಿಸಿ ಎಸೆಯುವ ಮುನ್ನ ಒಂದಷ್ಟನ್ನು ತಿರುಗಿಸಿ ನೋಡಿ. ಯಾವ ಪದರದಲ್ಲಿ ಬಿಟ್ಟಿತು ಎಂಬುದು ಅಲ್ಲಿ ಬರೆದಿರುತ್ತದೆ.

ಬೆನ್ನಿಗೆ ಬಿಳಿ ಹಿಟ್ಟು ಮೆತ್ತಿದ್ದು, ಗೋಡೆಯಲ್ಲೂ ಬೆರಳಿಗೆ ಹಿಟ್ಟು ಬಂದರೆ ಪುಟ್ಟಿ ಸತ್ತಿದೆ. ನೀರು ಜಾಸ್ತಿ ಹಾಕಿ ಕಲೆಸಿದ್ದು, ಗಟ್ಟಿಯಾಗತೊಡಗಿದ ಪುಟ್ಟಿಗೆ ಮತ್ತೆ ನೀರು ಬೆರೆಸಿದ್ದು, ಒಣ ಗೋಡೆಗೆ ನೀರು ಚಿಮುಕಿಸದೆ ಬಿಳಿ ಸಿಮೆಂಟ್ ಪುಟ್ಟಿ ಎಳೆದದ್ದು ಇದರ ಕಾರಣಗಳು. ಹಾಸನದ ಒಣಹವೆಯಲ್ಲಿ ಕೊನೆಯದು ಹೆಚ್ಚು. ಪುಟ್ಟಿ ಒಂದು ಕೋಟಿಗೆ 1.5 ಮಿ.ಮೀ., ಎರಡು ಕೋಟಿಗೆ ಒಟ್ಟು 3 ಮಿ.ಮೀ. ಮೀರಬಾರದು. ಅದಕ್ಕಿಂತ ದೊಡ್ಡ ತಗ್ಗನ್ನು ಗಿಲಾವಿನಲ್ಲೇ ಸರಿಮಾಡಬೇಕು.

ಬೆನ್ನು ನಯವಾಗಿದ್ದು, ಗೋಡೆ ಹೊಳೆಯುತ್ತಿದ್ದರೆ ಕೆಳಗೆ ಹಳೆಯ ಆಯಿಲ್ ಪೇಂಟ್ ಇದೆ. ಬೆನ್ನು ಸುಣ್ಣದ ಪುಡಿಯಾಗಿದ್ದರೆ ಹಳೆಯ ಸುಣ್ಣ ಅಥವಾ ಡಿಸ್ಟೆಂಪರ್ ಮೇಲೆ ನೇರವಾಗಿ ಬಳಿದಿದ್ದಾರೆ. ಎರಡಕ್ಕೂ ದಾರಿ ಒಂದೇ: ಗಟ್ಟಿ ನೆಲೆ ಸಿಗುವವರೆಗೆ ಕೆರೆಯುವುದು, ಪ್ರೈಮರ್, ಆಮೇಲೆ ಮುಂದಿನದು. ಬೆನ್ನಿಗೆ ಮರಳು ಅಂಟಿ ಬಂದರೆ ತಪ್ಪು ಪೇಂಟರ್‌ದಲ್ಲ, ಗಿಲಾವಿನದು: ಸಿಮೆಂಟ್ ಕಮ್ಮಿ, ಮರಳಲ್ಲಿ ಮಣ್ಣು ಜಾಸ್ತಿ, ಅಥವಾ ಕ್ಯೂರಿಂಗ್ ಆಗಿಲ್ಲ.

ಹೊಸ ಗಿಲಾವಿನ ಮೇಲೆ ಬಣ್ಣ ಕಲೆಕಲೆಯಾಗಿ ಮಾಸಿದ್ದರೆ, ಅಂಟಂಟಾಗಿದ್ದರೆ, ಪಿಎಚ್ ಕಾಗದ ತೆಗೆಯಿರಿ. ಶುದ್ಧೀಕರಿಸಿದ ನೀರು ಹಚ್ಚಿದ ಗೋಡೆಗೆ ಒತ್ತಿ. ಹಸಿ ಸಿಮೆಂಟಿನ ಪಿಎಚ್ 12–13 ಇರುತ್ತದೆ, ಆ ಕ್ಷಾರ ಬಣ್ಣದ ಬೈಂಡರನ್ನು ತಿನ್ನುತ್ತದೆ. ಗಿಲಾವಿಗೆ ಕನಿಷ್ಠ 28 ದಿನ ಬಿಟ್ಟು, ಕ್ಷಾರ ತಡೆಯುವ ಪ್ರೈಮರ್ ಹಾಕಿ. ದಸರಾ ರಜೆಗೆ ಬಾಗಿಲು ತೆರೆಯಲೇಬೇಕು ಎಂಬ ಅವಸರಕ್ಕೆ ಈ 28 ದಿನವೇ ಮೊದಲು ಬಲಿಯಾಗುವುದು. ಅವಸರವೇ ಇದ್ದರೆ ಆ ಗೋಡೆಗೆ ಸದ್ಯಕ್ಕೆ ಬರೀ ಪ್ರೈಮರ್ ಹೊಡೆದು ಬಾಗಿಲು ತೆರೆಯಿರಿ. ದುಬಾರಿ ಸ್ಟಕ್ಕೋ (ಕರಣೆಯಲ್ಲಿ ಎಳೆಯುವ ಅಲಂಕಾರದ ಪದರ) ಜನವರಿಗೆ ಇರಲಿ.

ಗೋಡೆಯ ಬುಡದಲ್ಲಿ ಬಿಳಿ ಉಪ್ಪು

ಹಳೆಯ ತೋಟದ ಬಂಗಲೆ, ಕಾಫಿ ಗೋದಾಮು, ಕೊಟ್ಟಿಗೆ ಇವನ್ನು ಕೆಫೆ ಮಾಡುವವರಿಗೆ ಇದೇ ದೊಡ್ಡ ತಲೆನೋವು. ಜಂಬಿಟ್ಟಿಗೆ ಅಥವಾ ಮಣ್ಣಿನ ಗಾರೆಯ ದಪ್ಪ ಗೋಡೆ, ಬುಡದಲ್ಲಿ ತೇವ ತಡೆಯುವ ಪದರವಿಲ್ಲ. ನೆಲದ ನೀರು ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ಮೂರಡಿ ಆಸುಪಾಸಿನವರೆಗೆ ಏರಿ ಅಲ್ಲಿ ಆವಿಯಾಗುತ್ತದೆ. ನೀರಿನ ಜೊತೆ ಬಂದ ಉಪ್ಪು ಅಲ್ಲೇ ಉಳಿದು ಹರಳುಗಟ್ಟಿ ಬಣ್ಣವನ್ನೂ ಗಿಲಾವನ್ನೂ ಒಳಗಿನಿಂದ ನೂಕುತ್ತದೆ. ಕೊಟ್ಟಿಗೆಯಾಗಿದ್ದ ಕಟ್ಟಡದಲ್ಲಿ ಗಂಜಲ, ಸಗಣಿಯಿಂದ ಬಂದ ನೈಟ್ರೇಟ್ ಉಪ್ಪು ತುಂಬಿರುತ್ತದೆ. ಅದು ಗಾಳಿಯಿಂದಲೇ ತೇವ ಹೀರುವುದರಿಂದ ನೀರಿನ ಮೂಲ ನಿಂತರೂ ಗೋಡೆ ಮಳೆಗಾಲದಲ್ಲಿ ಒದ್ದೆಯಾಗಿಯೇ ಕಾಣುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಸಿಮೆಂಟ್ ಗಿಲಾವು, ವಾಟರ್‌ಪ್ರೂಫ್ ಕೋಟು, ಅದರ ಮೇಲೆ ಟೈಲ್ಸ್ ಅಥವಾ ಅಕ್ರಿಲಿಕ್ ಟೆಕ್ಸ್ಚರ್ ಹಾಕಿ ನೀರಿನ ಬಾಯಿ ಕಟ್ಟುವುದು. ನೀರು ನಿಲ್ಲುವುದಿಲ್ಲ, ಮೂರಡಿಗೆ ಇದ್ದದ್ದು ಐದಡಿಗೆ ಏರುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು ಹೊರಗೆ ಹೋಗಿ. ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರವಾಗಿದೆಯೇ, ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ, ಇಂಟರ್‌ಲಾಕ್ ಹಾಸಿದವರು ಇಳಿಜಾರನ್ನು ಕಟ್ಟಡದ ಕಡೆಗೆ ಕೊಟ್ಟಿದ್ದಾರೆಯೇ ನೋಡಿ. ಹೊರನೆಲವನ್ನು ಒಳನೆಲಕ್ಕಿಂತ ಕನಿಷ್ಠ 15 ಸೆಂ.ಮೀ. ತಗ್ಗಿಸಿ, ಸೂರಿಗೆ ನೀರುದೋಣಿ (ಗಟರ್) ಕಟ್ಟಿ ನೀರನ್ನು ದೂರ ಸಾಗಿಸಿ. ಇಷ್ಟರಿಂದಲೇ ಅರ್ಧ ಕಾಯಿಲೆ ವಾಸಿಯಾದ ಗೋಡೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ.

ಆಮೇಲೆ ಒಳಗೆ: ಉಪ್ಪಿನ ಗೆರೆಗಿಂತ 30ರಿಂದ 45 ಸೆಂ.ಮೀ. ಮೇಲಿನವರೆಗೆ ಗಿಲಾವು ಪೂರ್ತಿ ಕೀಳಿ, ಸಂದುಗಳನ್ನು 15–20 ಮಿ.ಮೀ. ಆಳಕ್ಕೆ ಕೆದಕಿ. ಉಪ್ಪನ್ನು ಒಣ ಬ್ರಷ್ಷಿನಿಂದ ಉದುರಿಸಿ ಗುಡಿಸಿ ಹೊರಹಾಕಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೆ ಹೋಗುತ್ತದೆ. ಆಸಿಡ್ ಹಾಕಲೇಬೇಡಿ, ಸುಣ್ಣದ ಗಾರೆ ಕರಗುತ್ತದೆ, ಜೊತೆಗೆ ಇನ್ನೊಂದು ಉಪ್ಪು ಹುಟ್ಟುತ್ತದೆ. ಗೋಡೆಯನ್ನು ಬೆತ್ತಲೆಯಾಗಿ ಒಣಗಲು ಬಿಡಿ. ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬುದು ರೂಢಿಯ ಲೆಕ್ಕ. ಒಂದೂವರೆ ಅಡಿ ಗೋಡೆ ಒಂದು ಬೇಸಿಗೆಯಲ್ಲಿ ಪೂರ್ತಿ ಒಣಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಅದಕ್ಕೇ ಉಸಿರಾಡುವ ಪದರ ಬೇಕು: 1 ಭಾಗ ಸುಣ್ಣಕ್ಕೆ 3 ಭಾಗ ತೊಳೆದ ಮರಳಿನ ಗಿಲಾವು, ಒಂದು ಸಲಕ್ಕೆ 10–12 ಮಿ.ಮೀ., ಮೇಲೆ ಸುಣ್ಣ ಅಥವಾ ಸಿಲಿಕೇಟ್ ಬಣ್ಣ. ಇದರ ಮೇಲೆ ಯಾರಾದರೂ ಪ್ಲಾಸ್ಟಿಕ್ ಎಮಲ್ಷನ್ ಹೊಡೆದರೆ ಪಟ್ಟ ಕಷ್ಟವೆಲ್ಲ ನೀರುಪಾಲು.

ಮಾಲೀಕರಿಗೆ ಅಲಂಕಾರ ಬೇಕೇ ಬೇಕೆಂದರೆ ಸುಣ್ಣದ ಗಿಲಾವಿಗೇ ಮಣ್ಣಿನ ಬಣ್ಣ ಬೆರೆಸಿ ಕರಣೆಯಲ್ಲಿ ಉಜ್ಜಿ ಹೊಳಪು ತರಿಸಬಹುದು. ಹಳೆಯ ಬಂಗಲೆಗೆ ಅದಕ್ಕಿಂತ ಒಪ್ಪುವ ಗೋಡೆ ಇನ್ನೊಂದಿಲ್ಲ.

ಪಡುವಣ ಗೋಡೆಯ ಕಲೆ

ಮುಂಗಾರಿನ ಗಾಳಿ ಮಳೆಯನ್ನು ನೈರುತ್ಯದಿಂದ ಅಡ್ಡಡ್ಡ ಹೊಡೆಯುತ್ತದೆ. ಕಿಟಕಿಯ ಮೂಲೆ, ಲಿಂಟಲ್ ಕೆಳಗೆ, ಕಾಲಂ ಮತ್ತು ಇಟ್ಟಿಗೆ ಕೂಡುವ ಗೆರೆ, ಇಂಥ ಕಡೆ ಮಳೆ ಹಿಡಿದು ಒಂದೆರಡು ದಿನಕ್ಕೆ ಕಲೆ ಮೂಡಿ, ಹೊಳವಾದಾಗ ಮಾಸಿದರೆ ಅದು ಹೊರಗಿನಿಂದ ನುಗ್ಗಿದ ನೀರು. ಒಳಗಿನ ಟೆಕ್ಸ್ಚರಿಗೆ ಕೈ ಹಾಕಬೇಡಿ. ಕಿಟಕಿಯ ಸಿಲ್ಲು ಹೊರಕ್ಕೆ ಇಳಿಜಾರಿದೆಯೇ, ಸಜ್ಜದ ಕೆಳಮೈಯಲ್ಲಿ ನೀರು ತೊಟ್ಟಿಕ್ಕಿ ಬೀಳುವಂತೆ ಕೊರೆದ ಗೀರು ಇದೆಯೇ ನೋಡಿ. ಬಿರುಕನ್ನು 6 ಮಿ.ಮೀ. ಅಗಲಕ್ಕೆ ಬಿಡಿಸಿ ಪಾಲಿಯುರೆಥೇನ್ ಸೀಲೆಂಟ್ ತುಂಬಿ. ಸಿಮೆಂಟ್ ಹಾಲು ತುಂಬಿದರೆ ಮುಂದಿನ ಬಿಸಿಲಿಗೆ ಅದೇ ಬಿರುಕು ಬಾಯಿ ಬಿಡುತ್ತದೆ. ಹೊರಮೈ ಇಟ್ಟಿಗೆ ಅಥವಾ ಕಲ್ಲಾಗಿಯೇ ಕಾಣಬೇಕಿದ್ದರೆ ಸಿಲೇನ್–ಸಿಲೋಕ್ಸೇನ್ ನೀರುನಿರೋಧಕವನ್ನು ಒಣ ಗೋಡೆಗೆ ಬಳಿಯಿರಿ. ಅದು ನೀರು ಹೀರುವುದನ್ನು ತಡೆಯುತ್ತದೆ, ಆವಿ ಹೊರಹೋಗುವುದನ್ನು ತಡೆಯುವುದಿಲ್ಲ.

ಬೂಷ್ಟು, ಪ್ಯಾನೆಲ್, ವಾಲ್‌ಪೇಪರ್

ಮೇಲಿನ ಮೂಲೆಗಳಲ್ಲಿ, ಸೋಫಾ ಹಿಂದೆ, ವಾರ್ಡ್‌ರೋಬ್ ಬೆನ್ನಿಗೆ ಕಪ್ಪು ಚುಕ್ಕೆ ಬಂದು, ಫಾಯಿಲಿನ ಹೊರಮೈ ಬೆವರಿದ್ದರೆ ಗಾಳಿಯ ತೇವವೇ ಕಾರಣ. 1 ಭಾಗ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚಿಗೆ 3 ಭಾಗ ನೀರು ಬೆರೆಸಿ ಹಚ್ಚಿ, 15–20 ನಿಮಿಷ ಬಿಟ್ಟು ತೊಳೆದು ಒಣಗಿಸಿ. ಕೈಗವಸು ಬೇಕು, ಕಿಟಕಿ ತೆರೆದಿರಲಿ. ಬಾತ್‌ರೂಮ್ ಆಸಿಡ್ ಅಥವಾ ಅಮೋನಿಯಾ ಇರುವ ಕ್ಲೀನರ್ ಜೊತೆ ಎಂದೂ ಸೇರಿಸಬೇಡಿ. ಹೊರಡುವ ಗಾಳಿ ವಿಷ. ಬೂಷ್ಟು ಕೊಲ್ಲದೆ ಮೇಲೆ ಬಣ್ಣ ಬಳಿದರೆ ಅದು ಬಣ್ಣದ ಮೂಲಕವೇ ಮತ್ತೆ ಬರುತ್ತದೆ. ಕೋಣೆ ಖಾಲಿ ಇದ್ದಾಗಲೂ ದಿನಕ್ಕೆ ಒಂದಷ್ಟು ಹೊತ್ತು ಎಕ್ಸಾಸ್ಟ್ ಫ್ಯಾನ್ ಅಥವಾ ಡಿಹ್ಯೂಮಿಡಿಫೈಯರ್ ಓಡಿಸಿ, ಪೀಠೋಪಕರಣವನ್ನು ಗೋಡೆಯಿಂದ 7–10 ಸೆಂ.ಮೀ. ದೂರ ಇಡಿ.

ಪಿವಿಸಿ, ಚಾರ್ಕೋಲ್, ಎಂಡಿಎಫ್ ಪ್ಯಾನೆಲ್ ಹೊಡೆದು ಕೆಟ್ಟ ಗೋಡೆಯನ್ನು ಮುಚ್ಚುವುದು ರಿಪೇರಿಯಲ್ಲ. ಹಿಂದೆ ತೇವ ಕೂಡುತ್ತದೆ, ಎಂಡಿಎಫ್ ಊದುತ್ತದೆ, ಗೆದ್ದಲಿಗೆ ಕತ್ತಲೆಯ ದಾರಿ ಸಿಗುತ್ತದೆ. ಪ್ಯಾನೆಲಿನ ಅಂಚು ಉಬ್ಬಿದ್ದರೆ, ತಟ್ಟಿದಾಗ ಸದ್ದು ಮೊದಲಿನಂತಿಲ್ಲದಿದ್ದರೆ, ಕೆಳಗಿನ ಒಂದು ಹಲಗೆ ಬಿಚ್ಚಿ ಮಣ್ಣಿನ ಸುರಂಗ ಇದೆಯೇ ನೋಡಿ. ಮತ್ತೆ ಕೂರಿಸುವಾಗ ಮರದ ರೀಪಿನ ಬದಲು ಅಲ್ಯೂಮಿನಿಯಂ ಸೆಕ್ಷನ್ ಹಾಕಿ, ಗೋಡೆಗೂ ಪ್ಯಾನೆಲಿಗೂ 12–20 ಮಿ.ಮೀ. ಸಂದು ಬಿಟ್ಟು, ಕೆಳಗೂ ಮೇಲೂ ಗಾಳಿಯಾಡಲು ತೆರವು ಕೊಡಿ.

ವಾಲ್‌ಪೇಪರಿನ ಸಂದು ಬಿಟ್ಟು ಸುರುಳುತ್ತಿದ್ದರೆ ಬರೀ ಅಂಟು ಹಚ್ಚುವ ಮುನ್ನ ಹಿಂದೆ ಕಪ್ಪಾಗಿದೆಯೇ ನೋಡಿ. ವಿನೈಲ್ ಪೇಪರ್ ತೇವವನ್ನು ಹಿಂದೆಯೇ ಹಿಡಿದಿಡುತ್ತದೆ. ಘಟ್ಟದ ಅಂಚಿನ ಊರುಗಳಲ್ಲಿ ಹೊರಗೋಡೆಗೆ ಅದನ್ನು ಹಾಕಲೇಬಾರದು. ಒಳಗೋಡೆಗೆ ನಾನ್‌ವೋವನ್ ಪೇಪರ್, ಬೂಷ್ಟು ತಡೆಯುವ ಅಂಟು ಇದ್ದರೆ ಬಾಳುತ್ತದೆ.

ಮೆಟಾಲಿಕ್, ಸ್ಟಕ್ಕೋ ಗೋಡೆಯಲ್ಲಿ ಪಟ್ಟೆ

ಇದು ನೀರಿನ ದೋಷವಲ್ಲ, ಕೈಯ ದೋಷ. ಗೋಡೆಯ ನಡುವೆ ಊಟಕ್ಕೆ ಎದ್ದು ಹೋದರೆ ಒಣಗಿದ ಅಂಚಿನ ಮೇಲೆ ಹಸಿ ಪದರ ಏರಿ ಪಟ್ಟೆ ಉಳಿಯುತ್ತದೆ. ಮೂಲೆಯಿಂದ ಮೂಲೆಗೆ ಒಂದೇ ಬಾರಿ ಮುಗಿಸಬೇಕು, ದೊಡ್ಡ ಗೋಡೆಗೆ ಇಬ್ಬರು ಒಟ್ಟಿಗೆ ನಿಲ್ಲಬೇಕು. ಬೇರೆಬೇರೆ ಬ್ಯಾಚಿನ ಡಬ್ಬಿಗಳನ್ನು ಮೊದಲೇ ಒಂದು ದೊಡ್ಡ ಬಕೆಟ್‌ನಲ್ಲಿ ಕೂಡಿಸಿಕೊಳ್ಳಿ. ಪಟ್ಟೆಯ ಮೇಲೆ ಟಚ್ ಅಪ್ ಮಾಡಿದರೆ ಇನ್ನೊಂದು ಪಟ್ಟೆ ಆಗುತ್ತದೆ. ಇಡೀ ಗೋಡೆಗೇ ಕೊನೆಯ ಕೋಟು ಮತ್ತೆ ಹೊಡೆಯಬೇಕು. ಅಲೆಅಲೆಯಾಗಿ ಕಂಡರೆ ಪುಟ್ಟಿಯ ಹಂತದಲ್ಲೇ ಟಾರ್ಚನ್ನು ಗೋಡೆಗೆ ತಾಗಿಸಿ ಪಕ್ಕದಿಂದ ಬೆಳಕು ಬಿಟ್ಟು ನೋಡಿಲ್ಲ ಎಂದರ್ಥ.

ಟೈಲ್ಸ್: ಟೊಳ್ಳು ಸದ್ದು, ಎದ್ದು ನಿಂತ ಸಾಲು

ಹಾಸನದ ಬಿ.ಎಂ. ರಸ್ತೆಯಂಥ ಕಡೆ ಮುಂಭಾಗ ಪೂರ್ತಿ ಗಾಜಿನ ಶೋರೂಮಿನಲ್ಲಿ ಮಾರ್ಚ್–ಏಪ್ರಿಲ್ ಮಧ್ಯಾಹ್ನ ಟೈಲ್ಸ್ ಸಾಲು ‘ಢಬ್’ ಎಂದು ಎದ್ದು ಗುಡಾರದ ಹಾಗೆ ನಿಲ್ಲುವುದುಂಟು. ಬಿಸಿಲು ಬಿದ್ದ ಟೈಲು ಹಿಗ್ಗುತ್ತದೆ, ಸಂದಿಲ್ಲದೆ ಒಂದಕ್ಕೊಂದು ಒತ್ತುತ್ತದೆ, ಅಂಟು ಸಾಲದ ಕಡೆ ಮೇಲೇಳುತ್ತದೆ. ಅಂದರೆ ಎರಡು ತಪ್ಪು ಸೇರಿದಾಗ ಮಾತ್ರ ಇದು ಆಗುತ್ತದೆ, ಎರಡನ್ನೂ ಹುಡುಕಬೇಕು.

ಎದ್ದ ಟೈಲನ್ನು ತಿರುಗಿಸಿ. ಐದು ಕಡೆ ಉಂಡೆ ಉಂಡೆ ಮಾಲು ಅಂಟಿದ್ದರೆ ಮೇಸ್ತ್ರಿ ಉಂಡೆ ಇಟ್ಟು ಒತ್ತಿದ್ದಾರೆ, ನಡುವೆಲ್ಲ ಗಾಳಿ. ನೆಲದಲ್ಲಿ ಹಲ್ಲುಕರಣೆಯ ಗೆರೆಗಳು ಚಪ್ಪಟೆಯಾಗದೆ ಹಾಗೇ ನಿಂತಿದ್ದರೆ, ಟೈಲಿನ ಬೆನ್ನು ಶುಭ್ರವಾಗಿದ್ದರೆ, ಅಂಟು ಹರಡಿ ಬಹಳ ಹೊತ್ತಿನ ಮೇಲೆ ಟೈಲು ಇಟ್ಟಿದ್ದಾರೆ. ಸಾಮಾನ್ಯ ಅಂಟಿನ ಅವಧಿ 20 ನಿಮಿಷದ ಆಸುಪಾಸು. ಬಿಸಿಲು, ಫ್ಯಾನು, ಒಣಗಾಳಿ ಇದ್ದರೆ ಅದರ ಅರ್ಧ. ಬೆರಳಿಟ್ಟಾಗ ಅಂಟು ಬೆರಳಿಗೆ ಮೆತ್ತದಿದ್ದರೆ ಕೆರೆದು ತೆಗೆದು ಹೊಸದು ಹರಡಬೇಕು. ಅಂಟು ಟೈಲಿಗೇ ಭದ್ರವಾಗಿದ್ದು ಅದರ ಕೆಳಗೆ ಕಾಂಕ್ರೀಟಿನ ಧೂಳು ಬಂದಿದ್ದರೆ ನೆಲ ಗುಡಿಸದೆ, ನೊರೆಪದರ (ಕಾಂಕ್ರೀಟಿನ ಮೇಲೆ ಕಟ್ಟುವ ಬಲಹೀನ ಸಿಮೆಂಟ್ ಕೆನೆ) ಉಜ್ಜದೆ ಹಾಸಿದ್ದಾರೆ. ಬೆನ್ನಿನಲ್ಲಿ ಬಿಳಿ ಪುಡಿ ಹಾಗೇ ಇದ್ದರೆ ಅದು ಟೈಲು ಸುಡುವ ಗೂಡಿನಿಂದ ಬಂದ ಪುಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಕಿತ್ತು.

ವಿಟ್ರಿಫೈಡ್ ಟೈಲಿಗೆ ಬರೀ ಸಿಮೆಂಟ್ ಹಾಲು ಹಿಡಿಯುವುದಿಲ್ಲ. ಅದು ನೀರು ಹೀರುವುದು ಶೇ. 0.5ಕ್ಕೂ ಕಡಿಮೆ, ಸಿಮೆಂಟಿಗೆ ಬೇರು ಬಿಡಲು ಜಾಗವೇ ಇಲ್ಲ. ಪಾಲಿಮರ್ ಇರುವ ಅಂಟು ಬೇಕು. ಚೀಲದ ಮೇಲೆ ಭಾರತೀಯ ಮಾನಕ ಐಎಸ್ 15477ರ ಪ್ರಕಾರ ಟೈಪ್ ನಮೂದಿಸಿರುತ್ತದೆ, 600×1200 ಮಿ.ಮೀ. ಟೈಲಿಗೆ, ಹಳೆ ಟೈಲಿನ ಮೇಲೆ ಹಾಸುವುದಕ್ಕೆ ಟೈಪ್ 1 ತರಬೇಡಿ. 10–12 ಮಿ.ಮೀ. ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಗೆರೆ ಎಳೆದು, ಟೈಲಿನ ಬೆನ್ನಿಗೂ ತೆಳುವಾಗಿ ಸವರಿ, ಹಿಂದೆ ಮುಂದೆ ಸರಿಸಿ ಕೂರಿಸಿ. ಹಾಸುತ್ತಿರುವಾಗಲೇ ಆಗಾಗ ಒಂದು ಟೈಲು ಎತ್ತಿ ನೋಡಿ: ಒಣ ಕೋಣೆಯಲ್ಲಿ ಕನಿಷ್ಠ ಶೇ. 80, ಅಡುಗೆಮನೆ–ಬಾತ್‌ರೂಮಿನಲ್ಲಿ ಶೇ. 95 ಬೆನ್ನು ಅಂಟಿನಿಂದ ತುಂಬಿರಬೇಕು.

ಸಂದು ಕನಿಷ್ಠ 2–3 ಮಿ.ಮೀ. ‘ಸಂದೇ ಕಾಣಬಾರದು’ ಎಂದು ಮಾಲೀಕರು ಹಟ ಹಿಡಿದರೂ ಒಪ್ಪಬೇಡಿ. ಗೋಡೆಯ ಸುತ್ತ 8 ಮಿ.ಮೀ. ತೆರವು ಬಿಟ್ಟು ಸ್ಕರ್ಟಿಂಗಿನಿಂದ ಮುಚ್ಚಿ. ಒಳಗೆ 6–7 ಮೀಟರಿಗೊಂದು, ಬಿಸಿಲು ಬೀಳುವ ಗಾಜಿನ ಪಕ್ಕ 3 ಮೀಟರಿಗೊಂದು ಹಿಗ್ಗುವ ಸಂದು ಕೊಟ್ಟು ಸೀಲೆಂಟ್ ತುಂಬಿ. ಎದ್ದ ಸಾಲನ್ನು ಮಾತ್ರ ಮತ್ತೆ ಅಂಟಿಸಿ ಹೋದರೆ ಮುಂದಿನ ಬೇಸಿಗೆಗೆ ಪಕ್ಕದ ಸಾಲು ಏಳುತ್ತದೆ.

ಬರೀ ಟೊಳ್ಳು ಸದ್ದು, ಎದ್ದಿಲ್ಲ ಎಂದರೆ? ಮರದ ಹಿಡಿಯಿಂದ ತಟ್ಟಿ ಟೊಳ್ಳು ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಒಂದು ಮೂಲೆ ಮಾತ್ರ ಟೊಳ್ಳಾಗಿದ್ದು ಜನ ಓಡಾಡದ ಜಾಗವಾದರೆ ಬಿಟ್ಟುಬಿಡಬಹುದು. ಬಾಗಿಲು, ಕೌಂಟರ್ ಮುಂದೆ ಆದರೆ ತೆಗೆದು ಹಾಸಿ. ಸಂದಿನಲ್ಲಿ ತೂತು ಕೊರೆದು ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ರಾಳ) ತುಂಬುವುದು ಹಿಂದಿನ ಟೈಲು ಸ್ಟಾಕಿನಲ್ಲಿ ಸಿಗದಿದ್ದಾಗಿನ ದಾರಿ, ಮೊದಲ ಆಯ್ಕೆಯಲ್ಲ.

ಗ್ರೌಟು (ಟೈಲಿನ ಸಂದು ತುಂಬುವ ಮಾಲು) ಅಲ್ಲಲ್ಲಿ ಬೆಳ್ಳಗಾದರೆ ಕಲೆಸುವಾಗ ಅಥವಾ ತೊಳೆಯುವಾಗ ನೀರು ಜಾಸ್ತಿಯಾಗಿದೆ. ಕೆಫೆಯ ಕೌಂಟರ್ ಹಿಂದೆ ಸಿಮೆಂಟ್ ಗ್ರೌಟು ಡಿಕಾಕ್ಷನ್ ಕುಡಿದು ಕಪ್ಪಾಗುತ್ತದೆ. ಅಲ್ಲಿ 2–3 ಮಿ.ಮೀ. ಆಳ ಕೆರೆದು ಎಪಾಕ್ಸಿ ಗ್ರೌಟು ಹಾಕಿ. ಇನ್ನೊಂದು: ಹೊಳೆಯುವ ಪಾಲಿಶ್ ಟೈಲನ್ನು ಮಳೆಗಾಲದ ಪ್ರವೇಶದ್ವಾರಕ್ಕೆ ಹಾಕಿದ್ದರೆ ಅದು ನೋಟದ ದೋಷವಲ್ಲ, ಸೊಂಟ ಮುರಿಯುವ ದೋಷ. ಬಾಗಿಲ ಬಳಿ, ಅಡುಗೆಮನೆಯಲ್ಲಿ ಜಾರುನಿರೋಧಕ ಆರ್11 ದರ್ಜೆಯ ಟೈಲು ಹಾಕಿ.

ಎಪಾಕ್ಸಿ ನೆಲ

ಮಲೆನಾಡಿನಲ್ಲಿ ಅತಿ ಹೆಚ್ಚು ಮೋಸ ಹೋಗುವ ಕೆಲಸ ಇದು. ಗುಳ್ಳೆ ಕಂಡರೆ ಚಾಕುವಿನಿಂದ ಒಂದನ್ನು ಕತ್ತರಿಸಿ. ಒಳಗೆ ದ್ರವ ಇದ್ದರೆ ಪಿಎಚ್ ಕಾಗದ ಅದ್ದಿ; 10ಕ್ಕಿಂತ ಮೇಲೆ ತೋರಿದರೆ ಸ್ಲ್ಯಾಬಿನ ಕೆಳಗಿನ ತೇವ ಸಿಮೆಂಟಿನ ಕ್ಷಾರವನ್ನು ಹೊತ್ತು ಮೇಲೆ ತಳ್ಳುತ್ತಿದೆ. ಮಣ್ಣಿನ ಮೇಲೆ ನೇರ ಹಾಕಿದ ಹಳೆಯ ಬೆಡ್ಡು, ಕೆಳಗೆ ಪ್ಲಾಸ್ಟಿಕ್ ಹಾಳೆ ಇಲ್ಲ, ಇಂಥಲ್ಲಿ ಇದೇ ಕತೆ. ಗುಳ್ಳೆಗೆ ತೇಪೆ ಹಾಕಿ ಪ್ರಯೋಜನವಿಲ್ಲ. ಪೂರ್ತಿ ಗ್ರೈಂಡ್ ಮಾಡಿ ತೇವ ತಡೆಯುವ ಎಪಾಕ್ಸಿ ಪ್ರೈಮರ್ ಹಾಕಬೇಕು, ಇಲ್ಲವೇ ತೇವವನ್ನು ತಾಳುವ ಪಿಯು (ಪಾಲಿಯುರೆಥೇನ್) ಕಾಂಕ್ರೀಟ್ ಅಥವಾ ಟೈಲ್ಸಿಗೆ ಹೋಗಬೇಕು. ಗುಳ್ಳೆ ಒಣಗಿದ್ದು, ಸೂಜಿತೂತುಗಳಂತೆ ಚಿಕ್ಕದಾಗಿದ್ದರೆ ಅದು ಕಾಂಕ್ರೀಟಿನೊಳಗಿನ ಗಾಳಿ. ಬೆಳಗ್ಗೆ ನೆಲ ಬಿಸಿಯೇರುವಾಗ ಸುರಿದರೆ ಗಾಳಿ ಹಿಗ್ಗಿ ಮೇಲೆ ಬರುತ್ತದೆ. ಇಳಿಹೊತ್ತಿನಲ್ಲಿ, ನೆಲ ತಣ್ಣಗಾಗುತ್ತಿರುವಾಗ ಪ್ರೈಮರ್ ಹಾಕಿದರೆ ತಪ್ಪುತ್ತದೆ.

ಮೇಲ್ಮೈ ಬೆಳ್ಳಗೆ, ಜಿಡ್ಡುಜಿಡ್ಡಾಗಿ ಮಂಕಾಗಿದ್ದರೆ ಹಸಿ ಎಪಾಕ್ಸಿಯ ಮೇಲೆ ಇಬ್ಬನಿ ಕೂತಿದೆ. ಇದರ ಲೆಕ್ಕ ಸರಳ. ನೆಲದ ಬಿಸಿ, ಇಬ್ಬನಿ ಕೂರುವ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಗಾಳಿಯ ತೇವಾಂಶವನ್ನು 100ರಿಂದ ಕಳೆದು 5ರಿಂದ ಭಾಗಿಸಿ, ಬಂದದ್ದನ್ನು ಗಾಳಿಯ ಉಷ್ಣಾಂಶದಿಂದ ಕಳೆಯಿರಿ. ಸರಿಸುಮಾರು ಇಬ್ಬನಿ ಬಿಂದು ಸಿಗುತ್ತದೆ. ಗಾಳಿ 22 ಡಿಗ್ರಿ, ತೇವಾಂಶ ಶೇ. 90 ಇದ್ದರೆ ಇಬ್ಬನಿ ಬಿಂದು ಸುಮಾರು 20. ನೆಲ 21 ಡಿಗ್ರಿ ಇದ್ದರೆ ಅಂತರ ಒಂದೇ ಡಿಗ್ರಿ. ಅಂದು ಡಬ್ಬಿ ತೆರೆಯಬೇಡಿ. ನೆಲ ಗಾಳಿಗಿಂತ 2 ಡಿಗ್ರಿ ತಣ್ಣಗಿದ್ದರೆ ತೇವಾಂಶ ಶೇ. 75ರ ಒಳಗೆ ಇಳಿಯಲೇಬೇಕು. ಜುಲೈನಲ್ಲಿ ಡಿಹ್ಯೂಮಿಡಿಫೈಯರ್ ಇಲ್ಲದೆ ಇದು ಆಗದ ಮಾತು. ಆಗಲೇ ಮಂಕಾಗಿದ್ದರೆ ಬೆಚ್ಚಗಿನ ನೀರು, ಸ್ಕ್ರಬ್ ಪ್ಯಾಡಿನಿಂದ ಉಜ್ಜಿ ತೊಳೆಯಿರಿ. ಥಿನ್ನರ್ ಹಾಕಿದರೆ ಜಿಡ್ಡು ಹರಡುತ್ತದೆ ಅಷ್ಟೆ. ಒಣಗಿದ ಮೇಲೆ ಸ್ಯಾಂಡ್ ಮಾಡಿ ಮೇಲಿನ ಕೋಟು ಕೊಡಿ.

ಅಲ್ಲಲ್ಲಿ ಮಾತ್ರ ಮೆತ್ತಗೆ ಅಂಟಂಟಾಗಿ ಉಳಿದಿದ್ದರೆ ಎರಡು ಭಾಗ ಸರಿಯಾಗಿ ಬೆರೆತಿಲ್ಲ. ನಿಧಾನವಾಗಿ ತಿರುಗುವ ಡ್ರಿಲ್ಲಿನಲ್ಲಿ 3 ನಿಮಿಷ ಕಲೆಸಿ, ಇನ್ನೊಂದು ಬಕೆಟ್ಟಿಗೆ ಸುರಿದು ಮತ್ತೆ ಕಲೆಸಬೇಕು; ಮೊದಲ ಬಕೆಟ್ಟಿನ ಅಂಚು, ತಳ ಕೆರೆದು ನೆಲಕ್ಕೆ ಹಾಕಬಾರದು. ಮೆತ್ತಗಿರುವ ಭಾಗ ಮುಂದೆ ಗಟ್ಟಿಯಾಗುವುದಿಲ್ಲ, ಕೆರೆದು ತೆಗೆಯಲೇಬೇಕು. ಹಾಳೆಯಂತೆ ಕಿತ್ತು ಬಂದರೆ ಗ್ರೈಂಡಿಂಗ್ ಆಗಿಲ್ಲ. ಗಾಜಿನ ಬಳಿ ಹಳದಿಯಾಗಿದ್ದರೆ ಬಿಸಿಲು. ಬಿಸಿಲು ತಾಳುವ ಅಲಿಫ್ಯಾಟಿಕ್ ಪಿಯು ಕೋಟು ಬೇಕು.

ಸುರಿಯುವ ಮುನ್ನ ನೆಲದ ಪರೀಕ್ಷೆ: 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಅಂಚು ಮುಚ್ಚಿ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ನೋಡಿ. ಹನಿ ಇದ್ದರೆ, ಕಾಂಕ್ರೀಟು ಕಪ್ಪಾಗಿದ್ದರೆ ತೇವ ಇದೆ. ಹನಿ ಇಲ್ಲದಿದ್ದ ಮಾತ್ರಕ್ಕೆ ಒಣಗಿದೆ ಎಂದಲ್ಲ. ದೊಡ್ಡ ಕೆಲಸವಾದರೆ ಸ್ಲ್ಯಾಬಿನ ದಪ್ಪದ ಶೇ. 40 ಆಳಕ್ಕೆ, ಅಂದರೆ 100 ಮಿ.ಮೀ. ಸ್ಲ್ಯಾಬಿಗೆ 40 ಮಿ.ಮೀ., ತೂತು ಕೊರೆದು ತೇವಾಂಶದ ಪ್ರೋಬ್ ಇಡಿಸಿ, ಬಂದ ಅಂಕಿಯನ್ನು ತಯಾರಕರ ಮಿತಿಯೊಂದಿಗೆ ಹೋಲಿಸಿ.

ರೆಡ್ ಆಕ್ಸೈಡ್ ನೆಲ

ಮಲೆನಾಡಿನ ಕೆಂಪುನೆಲಕ್ಕೆ ಕೆಫೆಗಳಲ್ಲಿ ಮತ್ತೆ ಬೇಡಿಕೆ ಬಂದಿರುವುದು ಸಂತೋಷ, ಆದರೆ ಕೈಪಳಗಿದ ಗಾರೆಯವರು ಕಡಿಮೆ. ಬಣ್ಣ ಪುಡಿಪುಡಿಯಾಗಿ ಕಾಲಿಗೆ ಹತ್ತಿದರೆ ಆಕ್ಸೈಡ್ ಜಾಸ್ತಿ: ಸಿಮೆಂಟಿನ ತೂಕದ ಶೇ. 10 ಮೀರಿದರೆ ಬಣ್ಣ ಕಡುವಾಗುವುದಿಲ್ಲ, ನೆಲ ಬಲಹೀನವಾಗುತ್ತದೆ. ಕೂದಲೆಳೆಯ ಬಿರುಕು ಬಲೆಯಂತೆ ಹರಡಿದ್ದರೆ ಮೇಲ್ಪದರ ಬೇಗ ಒಣಗಿದೆ, ಅಥವಾ ಒಣ ಸಿಮೆಂಟ್ ಉದುರಿಸಿ ಉಜ್ಜಿದ್ದಾರೆ. ಉದ್ದ ನೇರ ಬಿರುಕಾದರೆ ಪಟ್ಟಿ ಕೊಟ್ಟಿಲ್ಲ, 1.2 ಮೀಟರಿಗೊಂದು ಗಾಜು ಅಥವಾ ಹಿತ್ತಾಳೆ ಪಟ್ಟಿ ಇರಲಿ. 7ರಿಂದ 10 ದಿನ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡಿ.

ಬಿಳಿ ಮಂಜು ಕಟ್ಟಿದರೆ ಅದು ಸಿಮೆಂಟಿನ ಸುಣ್ಣ. ಆಸಿಡ್ ಹಾಕಿದವರ ನೆಲ ಶಾಶ್ವತವಾಗಿ ಹೊಳಪು ಕಳೆದುಕೊಂಡಿದೆ. ತೆಂಗಿನ ನಾರಿನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಅಥವಾ ಮೇಣ ತೆಳುವಾಗಿ ಸವರಿ, ಬಟ್ಟೆಯಲ್ಲಿ ತಿಕ್ಕಿ. ಒಡೆದ ಜಾಗಕ್ಕೆ ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ. ಪಟ್ಟಿಯಿಂದ ಪಟ್ಟಿಗೆ ಇಡೀ ಚೌಕವನ್ನೇ ತೆಗೆದು ಹೊಸದು ಹಾಕಿ.

ಮೈಕ್ರೋಸಿಮೆಂಟ್, ಲ್ಯಾಮಿನೇಟ್

ಮೈಕ್ರೋಸಿಮೆಂಟ್ ಒಟ್ಟು 2–3 ಮಿ.ಮೀ. ಪದರ. ಕೆಳಗಿನ ಬಿರುಕು, ಹಳೆ ಟೈಲಿನ ಸಂದು ಮೇಲೆ ಗೆರೆಯಾಗಿ ಮೂಡಿದರೆ ಫೈಬರ್ ಜಾಲರಿ ಹಾಕಿಲ್ಲ ಅಥವಾ ಸಂದು ತುಂಬಿಲ್ಲ. ಸೀಲರ್ ಬೆಳ್ಳಗಾದರೆ ತೇವ ಆರುವ ಮುನ್ನ ಬಳಿದಿದ್ದಾರೆ.

ಲ್ಯಾಮಿನೇಟ್ ಮರದ ನೆಲದ ಅಂಚುಗಳು ಮಾತ್ರ ಊದಿದ್ದರೆ ಒದ್ದೆ ಮಾಪು. ನಡುವೆ ಗುಡ್ಡೆಯಂತೆ ಎದ್ದಿದ್ದರೆ ಸುತ್ತ 8–12 ಮಿ.ಮೀ. ಸಂದು ಬಿಟ್ಟಿಲ್ಲ, ಸ್ಕರ್ಟಿಂಗ್ ಬಿಚ್ಚಿ ಅಂಚು ಕೊಯ್ದರೆ ಬಹಳ ಸಲ ತಾನೇ ಕೂರುತ್ತದೆ. ಪೆಟ್ಟಿಗೆಗಳನ್ನು ಹಾಸುವ ಕೋಣೆಯಲ್ಲೇ 48 ಗಂಟೆ ಇಟ್ಟು ಆಮೇಲೆ ಬಿಚ್ಚಿ.

ಕೆಲಸ ಒಪ್ಪಿಸುವಾಗ

ಹಾಸಿದ ಟೈಲಿನಲ್ಲಿ ಶೇ. 3–5 ಹೆಚ್ಚುವರಿ ಪೆಟ್ಟಿಗೆಗಳನ್ನು ಅದೇ ಬ್ಯಾಚಿನಲ್ಲಿ ಕಟ್ಟಡದಲ್ಲೇ ಇಡಿಸಿ. ಬಣ್ಣದ ಶೇಡ್ ಕೋಡ್, ಬ್ಯಾಚ್ ಸಂಖ್ಯೆ, ಅಂಟಿನ ಟೈಪು, ಎಪಾಕ್ಸಿ ಸುರಿದ ದಿನದ ಉಷ್ಣಾಂಶ–ತೇವಾಂಶ ಇವನ್ನು ಒಂದು ಹಾಳೆಯಲ್ಲಿ ಬರೆದು ಕರೆಂಟಿನ ಡಿಬಿ (ಎಂಸಿಬಿ ಸ್ವಿಚ್ಚುಗಳ ಪೆಟ್ಟಿಗೆ) ಬಾಗಿಲಿನ ಒಳಮೈಗೆ ಅಂಟಿಸಿ. ರಿಪೇರಿ ಮಾಡಿದ ಗೋಡೆಯ ಫೋಟೋ, ತೇವ ಬಂದಿದ್ದ ಎತ್ತರ ಮತ್ತು ತಾರೀಖು ಅದೇ ಹಾಳೆಯಲ್ಲಿರಲಿ. ಮುಂದಿನ ಆರಿದ್ರಾ ಮಳೆ ಹಿಡಿದಾಗ ಮತ್ತೊಮ್ಮೆ ಅದೇ ಎತ್ತರಗಳಲ್ಲಿ ಅಳೆದು ಪಕ್ಕದಲ್ಲೇ ಬರೆಯಬೇಕು.